ಬೇಲಿಯಾಚೆಯ ಬೆಂಜ್ ಲಾರಿ

ಅಲ್ಲ, ಹಳೇ ಕಾರಿಗೆ ಸಿಗುವ ಮರ್ಯಾದೆಯಲ್ಲಿ ಕಾಲುಭಾಗವಾದರೂ ಹಳೇ ಲಾರಿಗೆ ಸಿಗಬೇಡವೇ? ಐವತ್ತು ವರ್ಷ ದಾಟಿದ ಆಸ್ಟಿನ್ನೋ ಫಿಯೆಟ್ಟೋ ಬೀದಿಗಿಳಿದರೆ ಸಾಕು, ಬಾವುಟ ಬೀಸಲು ಮಂತ್ರಿಗಳು ಬರುತ್ತಾರೆ, ಫೋಟೋ ಹೊಡೆಯಲು ಪತ್ರಿಕೆಯವರು ಬರುತ್ತಾರೆ, ಬಾನೆಟ್ಟಿಗೆ ಒರಗಿ ಸೆಲ್ಫಿ ತೆಗೆಯಲು ಇಡೀ ಊರೇ ಬರುತ್ತದೆ. ಧರ್ಮಸ್ಥಳಕ್ಕೆ ಹೋದವರು ಮಂಜುನಾಥನ ದರ್ಶನ ಮುಗಿಸಿ ಅಲ್ಲಿನ ಹಳೇ ಕಾರುಗಳ ಸಂಗ್ರಹಕ್ಕೂ ಒಂದು ಸುತ್ತು ಹಾಕಿ ಬರುತ್ತಾರೆ. ಸರಿ, ಬೇಡ ಅಂದವರಾರು? ಆದರೆ ಆ ಕಾರಿನ ಯಜಮಾನರ ಮನೆಗೆ ಅಕ್ಕಿ ತಂದದ್ದು ಯಾರು? ಮನೆ ಕಟ್ಟುವಾಗ ಮಂಗಳೂರು ಹೆಂಚು ತಂದದ್ದು ಯಾರು? ಮಗಳ ಮದುವೆಗೆ ಚಪ್ಪರದ ಗಳ, ಕೊಪ್ಪರಿಗೆ, ಅಡುಗೆಯವರನ್ನೂ ಸೇರಿಸಿ ಹೊತ್ತು ತಂದದ್ದು ಯಾರು? ಅದಕ್ಕೆ ಮಾತ್ರ ಗುಜರಿ. ಕೇಜಿಗಿಷ್ಟು ಅಂತ ತೂಕ.

ಇದು ನನ್ನ ಭಾಷಣವಲ್ಲ, ನಮ್ಮ ಬೇಲಿಯಾಚೆಯವರದು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ದಾಸವಾಳದ ಬೇಲಿ. ಬೆಳಗಿನ ಕಾಫಿ ಲೋಟ ಹಿಡಿದು ನಾನು ಇತ್ತ, ಅವರು ಅತ್ತ. ಮೊದಲೆಲ್ಲ ಅಡಿಕೆ ಧಾರಣೆ, ಕೊಳೆರೋಗ, ಮಂಗನ ಕಾಟ ಇಷ್ಟಕ್ಕೇ ಕಾಫಿ ಮುಗಿಯುತ್ತಿತ್ತು. ಈಗ ಅವರ ಅಂಗಳದಲ್ಲಿ ಅರವತ್ತರ ದಶಕದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಯೊಂದು ಬಂದು ನಿಂತಿದೆ. ನಿಂತಿದೆ ಅನ್ನುವುದೂ ಧಾರಾಳದ ಮಾತೇ. ತಂದಾಗ ಚಪ್ಪಡಿ ಕಲ್ಲಿನ ಮೇಲೆ ಕೂರಿಸಿದ್ದರು. ಮುಂದಿನ ಚಕ್ರ ಇಲ್ಲ, ಕ್ಯಾಬಿನ್ ಇಲ್ಲ, ಇಂಜಿನ್ ಇರಬೇಕಾದ ಜಾಗದಲ್ಲಿ ತೀರ್ಥಹಳ್ಳಿ ಕಡೆಯ ಯಾರದೋ ಮನೆಯ ಕೋಳಿ ಕಾವಿಗೆ ಕೂರುತ್ತಿತ್ತಂತೆ. ಅವರ ಮನೆಯಾಕೆ ಅದನ್ನು ನೋಡಿ ಒಂದೇ ಮಾತು ಕೇಳಿದರು: "ಅಡುಗೆಮನೆ ನಲ್ಲಿ ವಾಷರ್ ಹಾಕೋಕೆ ಇವರಿಗೆ ಎರಡು ವರ್ಷದಿಂದ ಪುರುಸೊತ್ತಿಲ್ಲ. ಇದನ್ನ ರಿಪೇರಿ ಮಾಡ್ತಾರಂತಾ?"

ಬೆಂಜ್ ಅಂದಕೂಡಲೇ ನಿಮಗೆ ಬೆಂಗಳೂರಿನ ಉದ್ಯಮಿಗಳ ಕರೀ ಕಾರು ನೆನಪಾದರೆ ನೀವು ಈಚಿನವರು. ನಮ್ಮ ಕಡೆಯ ಹಳಬರಿಗೆ ಬೆಂಜ್ ಅಂದರೆ ಲಾರಿಯೇ. ಉಗಿಬಂಡಿಯ ಇಂಜಿನ್ ಮಾಡಲೆಂದು ಜಮ್ಶೆಡ್‌ಪುರದಲ್ಲಿ 1945ರಲ್ಲಿ ಶುರುವಾದ ಟೆಲ್ಕೋ ಕಂಪನಿ, 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಕೈಜೋಡಿಸಿ ಲಾರಿಗೆ ಇಳಿಯಿತು. ಹದಿನೈದು ವರ್ಷದ ಕರಾರು. ಅಷ್ಟೂ ವರ್ಷ ಲಾರಿಯ ಮೂಗಿನ ಮೇಲೆ ಮೂರು ಮೊನೆಯ ನಕ್ಷತ್ರ ಇತ್ತು. 1969ರಲ್ಲಿ ಕರಾರು ಮುಗಿಯಿತು, ನಕ್ಷತ್ರ ಹೋಗಿ ಟಾಟಾದವರ ಸ್ವಂತ ಗುರುತು ಬಂತು. ಚಾಲಕರು ಮಾತ್ರ ಅದಕ್ಕೆ ಸೊಪ್ಪು ಹಾಕಲಿಲ್ಲ. ಬೆಂಜ್ ಬೆಂಜೇ. ಇತ್ತ ಮದ್ರಾಸಿನ ಅಶೋಕ್ ಲೇಲ್ಯಾಂಡಿನವರ ಕಾಮೆಟ್, ಅತ್ತ ಮುಂಬಯಿಯ ಪ್ರೀಮಿಯರ್ ಕಂಪನಿಯ ಫಾರ್ಗೋ, ಕಲ್ಕತ್ತಾ ಕಡೆಯ ಹಿಂದೂಸ್ತಾನ್ ಮೋಟರ್ಸಿನ ಬೆಡ್‌ಫರ್ಡ್. ಘಾಟಿ ಹತ್ತಿಸುವವರು ಈ ನಾಲ್ಕರಲ್ಲಿ ಒಂದನ್ನು ಕುಲದೈವದ ಮಟ್ಟಕ್ಕೆ ಏರಿಸಿ, ಉಳಿದ ಮೂರನ್ನು ಚಹಾದಂಗಡಿಯಲ್ಲಿ ಬಯ್ಯುತ್ತಿದ್ದರು. ಬೇಲಿಯಾಚೆಯವರ ತಂದೆ ಬೆಂಜ್ ಪಕ್ಷದವರು. ಮಗನಿಗೂ ಅದೇ ಬಂದಿದೆ.

ಕೆಲಸ ಶುರುವಾದ ಮೇಲೆ ಗೊತ್ತಾದ ಸಂಗತಿಯೆಂದರೆ, ಲಾರಿ ಒಂದೇ ಕಡೆ ಮುದಿಯಾಗುವುದಿಲ್ಲ. ಕಾರಾದರೆ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದುಕೊಂಡು ಇಡಿಯಾಗಿ ತುಕ್ಕು ಹಿಡಿಯುತ್ತದೆ. ಲಾರಿಯನ್ನು ಊರು ಹಂಚಿಕೊಳ್ಳುತ್ತದೆ. ಆಕ್ಸಲ್ ಟೈರ್ ಗಾಡಿಗೆ ಹೋಗುತ್ತದೆ. ಇಂಜಿನ್ ಅಕ್ಕಿ ಗಿರಣಿಗೋ ಕಲ್ಲು ಕ್ರಷರಿಗೋ ಹೋಗುತ್ತದೆ. ಡೀಸೆಲ್ ಟ್ಯಾಂಕು ತೋಟದ ತೊಟ್ಟಿಯಾಗುತ್ತದೆ. ಚಾಸಿಯ ಉದ್ದದ ತೊಲೆ ಹಳ್ಳಕ್ಕೆ ಸಂಕವಾಗುತ್ತದೆ. ಇನ್ನು ಕಮಾನಿನ ಪ್ಲೇಟು, ಅದರ ಕಥೆಯೇ ಬೇರೆ. ಮಲೆನಾಡಿನ ಯಾವ ಕಮ್ಮಾರನನ್ನಾದರೂ ಕೇಳಿ, ಒಳ್ಳೆಯ ಕತ್ತಿಗೆ ಯಾವ ಕಬ್ಬಿಣ ಅಂತ. "ಲಾರಿ ಪ್ಲೇಟು" ಅನ್ನುತ್ತಾನೆ. ಕುಲುಮೆಯಲ್ಲಿ ಕಾಯಿಸಿ ಬಡಿದು ನೀರೋ ಎಣ್ಣೆಯೋ ಕುಡಿಸಿದರೆ ಆ ಉಕ್ಕು ಹಿಡಿಯುವ ಮೊನೆ ಅಂಗಡಿಯ ಕತ್ತಿಗೆ ಬರುವುದಿಲ್ಲ. ನಾಟಾ ಹೊತ್ತು ಬಾಗಿ ಬಾಗಿ ಸವೆದ ಬೆಂಜಿನ ಪ್ಲೇಟುಗಳು ಈಗ ಸೊಪ್ಪಿನ ಬೆಟ್ಟದಲ್ಲಿ ಕೊಂಬೆ ಕಡಿಯುತ್ತಿವೆ.

ಹೀಗಾಗಿ ಬೇಲಿಯಾಚೆಯವರ ರಿಪೇರಿ ಅಂದರೆ ಅರ್ಧಕ್ಕರ್ಧ ಊರೂರು ತಿರುಗುವುದೇ. ಕೈಯಲ್ಲಿ ಟೇಪು, ಜೇಬಿನಲ್ಲಿ ಸೀಮೆಸುಣ್ಣ. ಯಾರದೋ ತೋಟದ ಸಂಕದ ಕೆಳಗೆ ಬಗ್ಗಿ ರಿವೆಟ್ಟಿನ ತೂತು ಎಣಿಸುತ್ತಾರೆ. ಮದುವೆ ಮನೆಗೆ ಹೋದರೆ ಮುಹೂರ್ತದ ಹೊತ್ತಿಗೆ ಕೊಟ್ಟಿಗೆಯಲ್ಲಿರುತ್ತಾರೆ. ಇಂಜಿನ್ ಸಿಕ್ಕಿದ್ದು ಒಂದು ಮುಚ್ಚಿದ ಅಕ್ಕಿ ಗಿರಣಿಯಲ್ಲಿ; ಆರು ಸಿಲಿಂಡರು, 4.6 ಲೀಟರು, ಮೇಲೆ ಅಂಗೈ ದಪ್ಪ ತೌಡಿನ ಧೂಳು. ಆ ಧೂಳೇ ಅದನ್ನು ಕಾಪಾಡಿದ್ದು ಅಂತ ಇವರ ವಾದ. ಎಣ್ಣೆ ಜಿಡ್ಡಿನ ಮೇಲೆ ತೌಡು ಕೂತು ಗಟ್ಟಿಯಾಗಿ, ತುಕ್ಕಿಗೆ ಒಳಗೆ ಬರಲು ದಾರಿಯೇ ಇರಲಿಲ್ಲವಂತೆ. ಬೋರ್ ಮಾಡಿಸಿ, ಸ್ಲೀವ್ ಹಾಕಿಸಿ, ಕ್ರ್ಯಾಂಕು ಗ್ರೈಂಡಿಂಗಿಗೆ ಕೊಟ್ಟದ್ದೆಲ್ಲ ಹೇಳುತ್ತಾ ಹೋದರೆ ನಿಮ್ಮ ಕಾಫಿ ಆರಿಹೋಗುತ್ತದೆ. ಲೇತಿನವನಿಗೆ ದುಡ್ಡು ಕೊಟ್ಟರೆ ಆಗುವ ಕೆಲಸ ಅದು.

ನಿಜವಾದ ಜಗಳ ಬಂದದ್ದು ಕ್ಯಾಬಿನ್ನಿನಲ್ಲಿ.

ಅವರ ಅಳಿಯ ಬೆಂಗಳೂರಿನ ಸಾಫ್ಟ್‌ವೇರಿನವನು. ಒಳ್ಳೆಯ ಹುಡುಗ, ಓದಿಕೊಂಡವನು. ಜರ್ಮನಿಯಲ್ಲಿ ಇದೇ ಮಾದರಿಯ ಲಾರಿಯ ಚಿತ್ರ ಹುಡುಕಿ ತಂದ. ದುಂಡು ಮೂಗು, ಪೂರಾ ಉಕ್ಕಿನ ಕ್ಯಾಬಿನ್, ಉರುಟು ಮೂಲೆಗಳು. "ಮಾವ, ರೆಸ್ಟೋರ್ ಮಾಡೋದಾದ್ರೆ ಒರಿಜಿನಲ್ ಥರ ಮಾಡಿ. ಹೀಗಿತ್ತು ನೋಡಿ" ಅಂದ. ಮಾವನಿಗೆ ಪಿತ್ತ ನೆತ್ತಿಗೇರಿತು. "ಎಲ್ಲಿತ್ತು? ಅವರ ದೇಶದಲ್ಲಿತ್ತು. ನಮ್ಮಪ್ಪ ತಂದಾಗ ಇದಕ್ಕೆ ಬಾಗಿಲೇ ಇರಲಿಲ್ಲ!"

ಮಾವ ಹೇಳಿದ್ದು ಅಕ್ಷರಶಃ ನಿಜ. ನಮ್ಮ ದೇಶದಲ್ಲಿ ಲಾರಿ ಅಂತ ಕಾರ್ಖಾನೆಯಿಂದ ಹೊರಗೆ ಬರುತ್ತಿದ್ದದ್ದು ಬಹುಪಾಲು ಬರೀ ಚಾಸಿ: ಇಂಜಿನ್, ಬಾನೆಟ್ಟು, ಡ್ಯಾಶ್‌ಬೋರ್ಡು, ಸ್ಟೇರಿಂಗು, ನಾಲ್ಕು ಮೂಲೆಗೆ ಚಕ್ರ. ಆಮೇಲಿನದೆಲ್ಲ ಬಯಲು. ಅದನ್ನು ಸಾವಿರಾರು ಕಿಲೋಮೀಟರ್ ಓಡಿಸಿಕೊಂಡು ಬರಲೆಂದೇ ಚಾಲಕರ ತಂಡಗಳಿದ್ದವು. ಸೀಟಿನ ಬದಲು ಒಂದು ಮರದ ಪೆಟ್ಟಿಗೆ, ತಲೆಗೆ ಮಂಕಿ ಟೋಪಿ, ಮುಖಕ್ಕೆ ಟವಲು, ಕಣ್ಣಿಗೆ ಕನ್ನಡಕ, ಎದೆಗೆ ನೇರ ಗಾಳಿ ಮಳೆ. ನಮ್ಮಲ್ಲಿಗೆ ಬಂದಮೇಲೆ ಬಾಡಿ ಕಟ್ಟುವ ಆಚಾರಿ ಕೈಗೆ ಹೋಗುತ್ತಿತ್ತು. ಅವನು ಮರದಲ್ಲಿ ಅಸ್ಥಿಪಂಜರ ನಿಲ್ಲಿಸಿ, ತಗಡು ಹೊದಿಸಿ, ಕ್ಯಾಬಿನ್ ಅಂತ ಮಾಡುತ್ತಿದ್ದ. ಅಳತೆ ಮಾಲೀಕನದು, ಅಂದ ಆಚಾರಿಯದು, ಬಣ್ಣ ಪೇಂಟರನದು. ಒಂದು ಲಾರಿಯ ಹಾಗೆ ಇನ್ನೊಂದು ಲಾರಿ ಇರುತ್ತಿರಲಿಲ್ಲ. ಈಗ ನೋಡಿ, 2025ರ ಅಕ್ಟೋಬರಿನಿಂದ ಹೊಸ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ ಅಂತ ಸರ್ಕಾರದ ನಿಯಮವೇ ಇದೆ. ಪೆಟ್ಟಿಗೆ ಮೇಲೆ ಕೂತು ಬಂದ ಆ ಮಹಾನುಭಾವರಲ್ಲಿ ಯಾರಾದರೂ ಬದುಕಿದ್ದರೆ ಈ ಸುದ್ದಿ ಕೇಳಿ ನಗಬೇಕೋ ಅಳಬೇಕೋ ತೋಚದೆ ಬೀಡಿ ಹಚ್ಚುತ್ತಾರೆ.

ಹಾಗಾದರೆ ಈ ಲಾರಿಯ ಅಸಲು ರೂಪ ಯಾವುದು? ಜಮ್ಶೆಡ್‌ಪುರದಿಂದ ಬಂದ ಬೋಳು ಚಾಸಿಯೇ? ಮೊದಲ ಆಚಾರಿ ಕಟ್ಟಿದ ಕ್ಯಾಬಿನ್ನೇ? ಅದು ಘಾಟಿಯಲ್ಲಿ ಮಗುಚಿದ ಮೇಲೆ ಎರಡನೇ ಮಾಲೀಕ ಕಟ್ಟಿಸಿದ್ದೇ? ಅಳಿಯನ ಪ್ರಕಾರ ಕಾರ್ಖಾನೆ ಮೊದಲು, ಉಳಿದದ್ದೆಲ್ಲ ಕಲಬೆರಕೆ. ನನ್ನನ್ನು ಕೇಳಿದರೆ ಮಾವನ ಪಕ್ಷ. ಲಾರಿಗೆ ಹುಟ್ಟಿದ ದಿನ ಅಂತ ಒಂದು ಇಲ್ಲ. ಅದು ಓಡುತ್ತಾ ಓಡುತ್ತಾ ಆದ ವಸ್ತು. ಚಾಲಕ, ಮೇಸ್ತ್ರಿ, ಕಮ್ಮಾರ, ವೆಲ್ಡರ್ ಎಲ್ಲರೂ ಒಂದೊಂದು ಕೈ ಹಾಕಿದ್ದಾರೆ. ಅವರ ಕೈಗುರುತನ್ನೆಲ್ಲ ಉಜ್ಜಿ ತೆಗೆದು ಷೋರೂಮಿನ ಹೊಳಪು ಕೊಟ್ಟರೆ ಸಿಗುವುದು, ಎಂದೂ ಇಲ್ಲದಿದ್ದ ಒಂದು ಲಾರಿ.

ಇಂಗ್ಲೆಂಡಿನಲ್ಲಿ ಇದಕ್ಕೆಲ್ಲ ಒಂದು ಶಿಸ್ತಿದೆ ಅಂತ ಅಳಿಯನೇ ಹೇಳಿದ. ಅಲ್ಲಿ 1962ರಿಂದ ಹಳೇ ಲಾರಿ ಬಸ್ಸುಗಳನ್ನು ಲಂಡನ್ನಿನಿಂದ ಬ್ರೈಟನ್ ಸಮುದ್ರತೀರದವರೆಗೆ ಓಡಿಸುವ ಪರಿಪಾಠವಿದೆಯಂತೆ. ಅಲ್ಲಿಯ ಲೇಲ್ಯಾಂಡ್ ಊರಿನಲ್ಲಿ ಬರೀ ವಾಣಿಜ್ಯ ವಾಹನಗಳಿಗೇ ಒಂದು ಮ್ಯೂಸಿಯಂ ಇದೆ. ನಮ್ಮ ಅಶೋಕ್ ಲೇಲ್ಯಾಂಡಿಗೆ ಹೆಸರು ಕೊಟ್ಟ ಕಂಪನಿಯ ಊರೇ ಅದು. ಸಂತೋಷ. ಆದರೆ ಅಲ್ಲಿ ಕಂಪನಿಯ ಹಳೇ ನಕ್ಷೆ ಸಿಗುತ್ತದೆ. ನಮ್ಮಲ್ಲಿ ನಕ್ಷೆ ಇದ್ದದ್ದು ಆಚಾರಿಯ ತಲೆಯಲ್ಲಿ.

ಅದೃಷ್ಟಕ್ಕೆ ಅಂಥ ತಲೆಯೊಂದು ಇನ್ನೂ ಊರಲ್ಲಿತ್ತು. ಎಂಬತ್ತು ದಾಟಿದ ಆಚಾರಿ, ಕೈ ನಡುಗುತ್ತದೆ, ಕಣ್ಣಳತೆ ನಡುಗುವುದಿಲ್ಲ. ಕಂಬಕ್ಕೆ ಹೊನ್ನೆ, ತಳದ ಹಲಗೆಗೆ ಮತ್ತಿ ಅಂತ ಅಪ್ಪಣೆಯಾಯಿತು. ಉಳಿ ಹಿಡಿದದ್ದು ಮೊಮ್ಮಗ, ಅಜ್ಜ ಕುರ್ಚಿಯಲ್ಲಿ ಕೂತು ಗದರಿದ್ದು. ಕಂಬವನ್ನು ಚಾಸಿಗೆ ನೇರ ಬಿಗಿಯಬಾರದಂತೆ. ನಡುವೆ ರಬ್ಬರೋ ಹಳೇ ಟೈರಿನ ತುಂಡೋ ಕೊಡಬೇಕು, ಯಾಕೆಂದರೆ ಗುಂಡಿಯಲ್ಲಿ ಚಾಸಿ ತಿರುಚಿಕೊಳ್ಳುತ್ತದೆ, ಮರ ತಿರುಚಿಕೊಂಡರೆ ಕೀಲು ಬಿಡುತ್ತದೆ. ಗಾಜಿನ ಮೇಲ್ಗಡೆ ದೇವರ ಪಟಕ್ಕೆ ಒಂದು ಗೂಡು, ಚಾಲಕನ ಬಲಗಡೆ ವೀಳ್ಯದೆಲೆ ಡಬ್ಬಿಗೆ ಒಂದು ಗೂಡು. ಎರಡನೆಯದು ಯಾಕೆ ಎಂದು ಮೊಮ್ಮಗ ಕೇಳಿದ. "ಮೊದಲನೇದು ಯಾಕೆ ಅಂತ ಕೇಳಿದ್ಯಾ?" ಅಂದರು ಅಜ್ಜ.

ಚಾಸಿಯ ಒಂದು ಅಡ್ಡತೊಲೆ ಬಿರುಕು ಬಿಟ್ಟಿತ್ತು. ಪಟಪಟನೆ ವೆಲ್ಡಿಂಗ್ ಎಳೆದುಬಿಡೋಣ ಅಂತ ಹುಡುಗರು ಹೊರಟರು. ಬೇಲಿಯಾಚೆಯವರು ಬಿಡಲಿಲ್ಲ. ಹಳೇ ಚಾಸಿ ರಿವೆಟ್ಟಿನದು, ರಿವೆಟ್ಟಿನಲ್ಲೇ ಆಗಬೇಕು. ವೆಲ್ಡಿಂಗಿನ ಕಾವಿಗೆ ಪಕ್ಕದ ಉಕ್ಕು ಗಡಸಾಗಿ, ನಾಳೆ ಬಿರುಕು ಆ ಗೆರೆಯ ಅಂಚಿನಲ್ಲೇ ಮತ್ತೆ ಹೊರಡುತ್ತದೆ ಅನ್ನುವುದು ಅವರ ವಾದ. ತಿಳಿದ ಮೇಸ್ತ್ರಿಗಳೂ ಹಾಗೇ ಅನ್ನುತ್ತಾರೆ. ಕಮ್ಮಾರ ಕುಲುಮೆ ತಂದು ಅಂಗಳದಲ್ಲೇ ಹೂಡಿದ. ಕೆಂಪಗೆ ಕಾದ ರಿವೆಟ್ಟು ತೂತಿಗೆ ಹೋಗುವುದು, ಒಬ್ಬ ಹಿಂದಿನಿಂದ ಭಾರದ ಕಬ್ಬಿಣ ಒತ್ತಿ ಹಿಡಿಯುವುದು, ಇನ್ನೊಬ್ಬ ಮುಂದಿನಿಂದ ಸುತ್ತಿಗೆಯಲ್ಲಿ ತಲೆ ಬಡಿಯುವುದು. ಆರುತ್ತಾ ರಿವೆಟ್ಟು ಕುಗ್ಗಿ ಎರಡು ಹಾಳೆಯನ್ನೂ ತಾನೇ ಬಿಗಿದುಕೊಳ್ಳುತ್ತದೆ. ಆ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ.

ಈ ಗಲಾಟೆಗೆ ಬೇಲಿಯ ಹತ್ತಿರ ಜನ ಸೇರುವುದು ಸಹಜ. ಬಂದವರೆಲ್ಲ ಒಂದೊಂದು ಲಾರಿಯ ಕಥೆ ತಂದರು. ಹಳೇ ನಾಟಾ ವ್ಯಾಪಾರಿಯೊಬ್ಬರು ಮಿಲಿಟರಿ ಡಿಸ್ಪೋಸಲ್ ಲಾರಿಗಳ ಕಾಲಕ್ಕೇ ಹೋದರು. ಎರಡನೇ ಮಹಾಯುದ್ಧಕ್ಕೆಂದು ಕೆನಡಾದಲ್ಲಿ ಫೋರ್ಡಿನವರೂ ಷೆವರ್ಲೆಯವರೂ ಒಂದೇ ನಮೂನೆಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಲಾರಿ ಮಾಡಿದ್ದರಲ್ಲ, ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಒಂದಷ್ಟು ಹರಾಜಿನಲ್ಲಿ ಕಾಡಿನ ಕೂಪುಗಳಿಗೆ ಬಂದವು. ಚಪ್ಪಟೆ ಮೂತಿ, ಕೆಳಗಡೆ ಒಳಕ್ಕೆ ವಾಲಿದ ಮುಂದಿನ ಗಾಜು. ಬಿಸಿಲು ಹೊಳೆದು ಮೇಲಿನ ವಿಮಾನಕ್ಕೆ ಕಾಣಬಾರದೆಂದು ಮಾಡಿದ ಉಪಾಯ ಅದು. ನಮ್ಮ ಕೂಪಿನಲ್ಲಿ ಮೇಲಿನಿಂದ ನೋಡಲು ಮಂಗ ಬಿಟ್ಟರೆ ಯಾರೂ ಇರಲಿಲ್ಲ. ಪೆಟ್ರೋಲ್ ಕುಡಿದು ಮಾಲೀಕನ ಮನೆ ತೊಳೆಯುತ್ತಿದ್ದ ಆ ಇಂಜಿನ್ನುಗಳನ್ನು ಇಳಿಸಿ ಪರ್ಕಿನ್ಸ್ ಡೀಸೆಲ್ ಇಂಜಿನ್ ಕೂರಿಸಿದ್ದನ್ನು ಅವರು ವಿವರಿಸುವಾಗ, ಅಳಿಯ ಮತ್ತೆ "ಒರಿಜಿನಲ್..." ಅಂತ ಬಾಯಿ ತೆರೆದ. ಎಲ್ಲರೂ ಅವನ ಕಡೆ ನೋಡಿದರು. ಮುಚ್ಚಿದ.

ಇಂಜಿನ್ ಕೂರಿಸಿದ ಮೇಲಿನ ಪ್ರಸಂಗ ಮಾತ್ರ ಹೇಳಲೇಬೇಕು. ಈ ಹಳೇ ಬೆಂಜ್ ಇಂಜಿನ್ನಿನಲ್ಲಿ ಡೀಸೆಲ್ ನೇರ ಸಿಲಿಂಡರಿಗೆ ಬೀಳುವುದಿಲ್ಲ; ಪಕ್ಕದ ಸಣ್ಣ ಕೋಣೆಯೊಂದರಲ್ಲಿ ಮೊದಲು ಹೊತ್ತಿಕೊಂಡು ಆಮೇಲೆ ಒಳಗೆ ನುಗ್ಗುತ್ತದೆ. ತಣ್ಣಗಿದ್ದಾಗ ಆ ಕೋಣೆ ಬಿಸಿಯಾಗಬೇಕು. ಅದಕ್ಕೆ ಸಿಲಿಂಡರಿಗೊಂದರಂತೆ ಹೀಟರ್ ಪ್ಲಗ್ಗು. ಡ್ಯಾಶ್‌ಬೋರ್ಡಿನಲ್ಲಿ ಜಾಲರಿಯ ಹಿಂದೆ ಒಂದು ಪುಟ್ಟ ಸುರುಳಿ. ಹಿಡಿ ಎಳೆದು ಒಂದು ನಿಮಿಷದಷ್ಟು ಕಾದರೆ ಅದು ಕೆಂಪಾಗುತ್ತದೆ, ಕೆಂಪಾದರೆ ಸ್ಟಾರ್ಟ್ ಮಾಡು ಅಂತ ಅರ್ಥ. ಇವರು ಹಿಡಿ ಎಳೆದರು. ನಾವೆಲ್ಲ ಉಸಿರು ಹಿಡಿದು ಜಾಲರಿಯನ್ನೇ ನೋಡಿದೆವು. ಕೆಂಪಾಗಲಿಲ್ಲ. ಮತ್ತೆ ಎಳೆದರು. ಇಲ್ಲ. ಬ್ಯಾಟರಿ ಹೊಸದು, ವೈರು ಹೊಸದು. ಪೇಟೆಯ ಎಲೆಕ್ಟ್ರಿಷಿಯನ್ ಹುಡುಗ ಮೀಟರ್ ಹಿಡಿದು ಅರ್ಧ ದಿನ ಒದ್ದಾಡಿದ. ಕೊನೆಗೆ ಹಳೇ ಡೀಸೆಲ್ ಮೇಸ್ತ್ರಿಯೊಬ್ಬರನ್ನು ಮನೆಯಿಂದ ಕರೆತಂದರು. ಅವರು ಮೀಟರ್ ಮುಟ್ಟಲಿಲ್ಲ. ಒಂದು ಸ್ಕ್ರೂಡ್ರೈವರ್ ಕೇಳಿ ಪಡೆದರು. ಹಿಡಿ ಎಳೆದುಕೊಂಡಿರಲು ಹೇಳಿ, ಮೊದಲ ಪ್ಲಗ್ಗಿನ ಎರಡು ತುದಿಗೂ ಸ್ಕ್ರೂಡ್ರೈವರ್ ಅಡ್ಡ ಇಟ್ಟರು. ಏನಿಲ್ಲ. ಎರಡನೇದು, ಏನಿಲ್ಲ. ಮೂರು. ನಾಲ್ಕನೇದಕ್ಕೆ ಇಟ್ಟದ್ದೇ ಚಟ್ ಅಂತ ಕಿಡಿ ಹಾರಿತು, ಒಳಗಿನಿಂದ ಅಳಿಯ "ಕೆಂಪಾಯ್ತು, ಕೆಂಪಾಯ್ತು!" ಅಂತ ಕೂಗಿಕೊಂಡ.

ವಿಷಯ ಇಷ್ಟೇ. ಆರೂ ಪ್ಲಗ್ಗು ಒಂದೇ ಸಾಲಿನಲ್ಲಿ, ಒಂದರ ಬಾಲಕ್ಕೆ ಇನ್ನೊಂದು. ಒಂದು ಸತ್ತರೆ ಕರೆಂಟಿಗೆ ದಾರಿಯೇ ಇಲ್ಲ, ಆರೂ ಸತ್ತಂತೆ. ಸತ್ತದ್ದನ್ನು ಸ್ಕ್ರೂಡ್ರೈವರ್ ದಾಟಿಸಿತು, ಉಳಿದ ಐದು ಜೀವ ಪಡೆದವು. "ಹಾಗೇ ತಂತಿ ಸುತ್ತಿ ಬಿಡೋಣವಾ?" ಅಂತ ಹುಡುಗ ಕೇಳಿದ. ಮೇಸ್ತ್ರಿ ತಲೆಯಾಡಿಸಿದರು: ಆರು ಜನರ ಪಾಲು ಐದು ಜನಕ್ಕೆ ಹೋದರೆ ಅಜೀರ್ಣವಾಗಿ ಅವೂ ಬೇಗ ಸುಟ್ಟುಹೋಗುತ್ತವೆ. ಮುಂದೆ ಬಂದ ಟಾಟಾ ಇಂಜಿನ್ನುಗಳಲ್ಲಿ ಡೀಸೆಲ್ ನೇರ ಸಿಲಿಂಡರಿಗೇ ಬೀಳುವ ಏರ್ಪಾಡು ಬಂದು ಈ ತಾಪತ್ರಯವೇ ತಪ್ಪಿತು. ಅದಕ್ಕೇ ಈ ಪ್ಲಗ್ಗು ಈಗ ಅಂಗಡಿಯಲ್ಲಿ ಕೇಳಿದರೆ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಪಂಪಿಗೆ ಅಷ್ಟು ಕಷ್ಟವಾಗಲಿಲ್ಲ. 1951ರಲ್ಲಿ ಶುರುವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ್ದರ ಪುಣ್ಯ, ಡೀಸೆಲ್ ಪಂಪು ಬಿಚ್ಚಿ ಕೂರಿಸಬಲ್ಲ ಕೈಗಳು ಈ ರಾಜ್ಯದಲ್ಲಿ ಪ್ರತಿ ತಾಲೂಕಿಗೂ ಸಿಕ್ಕವು. ಕಂಪನಿಗೆ ಈಗ ಬಾಷ್ ಅಂತ ಹೆಸರು. ನಮ್ಮ ಮೇಸ್ತ್ರಿಗಳಿಗೆ ಅದು ಇನ್ನೂ ಮೈಕೋ ಪಂಪೇ.

ಚಕ್ರದ ವಿಷಯದಲ್ಲಿ ಮಾತ್ರ ಇವರು ಯಾರ ಮಾತೂ ಕೇಳಬಾರದೆಂದು ನಾನು ಬೇಲಿ ಮೇಲೆ ಬಾಗಿ ಗದರಿದ್ದಿದೆ. ಹಳೇ ರಿಮ್ಮಿಗೆ ಟೈರನ್ನು ಹಿಡಿದಿಡುವುದು ಒಂದು ಉಕ್ಕಿನ ರಿಂಗು. ಅದು ತುಕ್ಕು ತಿಂದು ಸರಿಯಾಗಿ ಕೂರದಿದ್ದಾಗ ಗಾಳಿ ತುಂಬಿದರೆ ಗುಂಡು ಹಾರಿದ ವೇಗದಲ್ಲಿ ಹಾರುತ್ತದೆ. ಪಂಕ್ಚರ್ ಅಂಗಡಿಯ ಅನುಭವಸ್ಥರು ರಿಂಗಿನ ಕಡೆ ನೆಲಕ್ಕೆ ಮಾಡಿ, ಮೇಲೆ ಹಾರೆ ತೂರಿಸಿ, ದೂರ ನಿಂತೇ ಗಾಳಿ ಬಿಡುವುದು ಸುಮ್ಮನೆ ಅಲ್ಲ. ಹಳೇದನ್ನೇ ಉಳಿಸಬೇಕೆಂಬ ಹಟ ಅಲ್ಲಿಗೆ ನಿಲ್ಲಬೇಕು. ರಿಂಗು ಹೊಸದೇ ಹಾಕಿಸಿದರು.

ಈಗ ಲಾರಿ ಅಂಗಳದಲ್ಲಿ ಹಿಂದೆ ಮುಂದೆ ಹೋಗುತ್ತದೆ. ರಸ್ತೆಗೆ? ಅಲ್ಲಿದೆ ತಮಾಷೆ. 2021ರಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳಿಗೆಂದೇ ನಿಯಮ ತಂದಿತು. ಐವತ್ತು ವರ್ಷ ದಾಟಿದ್ದರೆ ವಿಂಟೇಜ್ ಅಂತ ನೋಂದಣಿ, ನಂಬರಿನ ನಡುವೆ 'ವಿಎ' ಅಂತ ಗುರುತು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಮೂಲ ರೂಪ ಕೆಟ್ಟಿರಬಾರದು. ಬೇಲಿಯಾಚೆಯವರು ಕುಣಿದಾಡಿಬಿಟ್ಟರು. ಅಳಿಯ ನಿಯಮವನ್ನು ಪೂರ್ತಿ ಓದಿದ. ಸ್ವಂತ ಬಳಕೆಯ ದ್ವಿಚಕ್ರ ವಾಹನ, ಸ್ವಂತ ಬಳಕೆಯ ಕಾರು, ಅಷ್ಟೇ. ಸರಕು ಹೊರುವ ವಾಹನದ ವರ್ಗವೇ ಅದರಲ್ಲಿ ಇಲ್ಲ. ದೇಶ ಕಟ್ಟಲು ಕಲ್ಲು ಹೊತ್ತದ್ದಕ್ಕೆ ಪರಂಪರೆಯಲ್ಲಿ ಜಾಗವಿಲ್ಲ, ಕಲ್ಲು ಹಾಕುವುದನ್ನು ನೋಡಲು ಬಂದವರ ಕಾರಿಗೆ ಇದೆ. ಇದ್ದಿದ್ದರೂ "ಮೂಲ ರೂಪ" ಅನ್ನುವ ಷರತ್ತಿನಲ್ಲಿ ಹೊನ್ನೆ ಮರದ ಕಂಬ, ಅಕ್ಕಿ ಗಿರಣಿಯ ಇಂಜಿನ್ ಎಲ್ಲ ಸಿಕ್ಕಿಬೀಳುತ್ತಿದ್ದವು ಅನ್ನಿ. ಉಳಿದದ್ದು ಎಲ್ಲ ಲಾರಿಗಳ ಹಾದಿ: ಫಿಟ್ನೆಸ್ಸು, ತೆರಿಗೆ, ಕಚೇರಿಯ ಕಿಟಕಿ. ಇವರು ಅದಕ್ಕೂ ಸೈ. "ಇಲ್ಲೇ ಸೀಬಿನಕೆರೆ ತನಕ ಹೋಗಿ ಬಂದರೂ ಸಾಕು" ಅನ್ನುತ್ತಾರೆ. ಅವರ ಮನೆಯಾಕೆ "ಹೋಗ್ತಾ ಆ ನಲ್ಲಿ ವಾಷರ್ ತನ್ನಿ" ಅನ್ನುತ್ತಾರೆ.

ಸದ್ಯಕ್ಕೆ ತೊಂದರೆ ಇರುವುದು ಹಿಂದಿನ ಎಡಗಡೆಯ ಕಮಾನಿನಲ್ಲಿ. ಒಂದು ಪ್ಲೇಟು ಕಡಿಮೆ. ಆ ಅಗಲದ್ದು ಎಲ್ಲೂ ಸಿಗುತ್ತಿಲ್ಲ. ಕೆಲವು ದಿನಗಳಿಂದ ಇವರು ಬೇಲಿಯ ಹತ್ತಿರ ಬಂದಾಗ ಕಣ್ಣು ನನ್ನ ಮೇಲಿರುವುದಿಲ್ಲ, ನನ್ನ ಭುಜದ ಮೇಲಿಂದ ನಮ್ಮ ಬಚ್ಚಲಿನ ಕಡೆ ಇರುತ್ತದೆ. ನಮ್ಮ ಬಚ್ಚಲ ಒಲೆಯ ಹಂಡೆ ನನ್ನ ಅಪ್ಪನ ಕಾಲದಿಂದ ಎರಡು ದಪ್ಪ ಕಬ್ಬಿಣದ ಪಟ್ಟಿಯ ಮೇಲೆ ಕೂತಿದೆ. ನಿನ್ನೆ ಟೇಪು ಹಿಡಿದೇ ಬಂದರು.

"ಇಷ್ಟು ವರ್ಷ ಬೆಂಕಿಯಲ್ಲಿ ಬೆಂದಿದೆ, ಟೆಂಪರ್ ಎಲ್ಲ ಹೋಗಿರುತ್ತೆ, ಹಾಕಿದ ದಿನವೇ ಬಾಗುತ್ತೆ" ಅಂದೆ.

"ಗೊತ್ತು" ಅಂದರು, ಬಗ್ಗಿ ಒಲೆಯೊಳಗೆ ಟಾರ್ಚು ಬಿಡುತ್ತಾ. "ಕಮಾನಿಗಲ್ಲ. ಹಿಂದಿನ ಬಂಪರಿಗೆ ಕ್ಲಾಂಪು ಬೇಕಿತ್ತು. ಹಂಡೆಗೆ ನಾನು ರೈಲು ಕಂಬಿ ತಂದುಕೊಡ್ತೀನಿ, ನೀರು ಕಾಯೋದು ಒಂದು ದಿನವೂ ನಿಲ್ಲಲ್ಲ."